ಹೊಸ ಮಣಿಗಳು

ಬಟ್ಟೆ ಸರಿಸಿದಾಗ ಒಂದು ಗಳಿಗೆ ಅವನಿಗೆ ಬೇರೆ ಯಾರದೋ ಪೆಟ್ಟಿಗೆಯನ್ನು ಎತ್ತಿಕೊಂಡು ಬಂದೆನೇನೋ ಅನ್ನಿಸಿತು. ಗಾಜಿನ ಪೆಟ್ಟಿಗೆ ಅದೇ, ಮೂಲೆಯ ಬಿರುಕಿಗೆ ತಾನೇ ಹಚ್ಚಿದ ಅಂಟು ಅದೇ, ನಡುವೆ ಗೋಡೆಯ ಹಾಗೆ ನಿಂತ ತಗಡೂ ಅದೇ. ತಗಡಿನ ಎಡಗಡೆ ಬರೀ ಕಪ್ಪು ಮಣಿ, ಬಲಗಡೆ ಬರೀ ಬಿಳಿ ಮಣಿ ಇರಬೇಕಿತ್ತು; ಇದ್ದದ್ದು ಎರಡೂ ಕಡೆ ಎರಡೂ ಬಣ್ಣದ ಕಲಬೆರಕೆ. ಪ್ರತಿ ವರ್ಷ ಇದೇ ಪಾಠಕ್ಕೆ ಇದೇ ಪೆಟ್ಟಿಗೆಯನ್ನು ಮೇಜಿನ ಮೇಲಿಟ್ಟು, ಇದೇ ಹಸಿರು ಬಟ್ಟೆಯನ್ನು ಜಾದೂಗಾರನ ಠೀವಿಯಲ್ಲಿ ಎಳೆದು, ತಗಡನ್ನು ಮೇಲಕ್ಕೆತ್ತಿ, ಪೆಟ್ಟಿಗೆಯನ್ನು ಎರಡೂ ಕೈಯಲ್ಲಿ ಹಿಡಿದು ಕುಲುಕುವುದು. ಕಪ್ಪು ಬಿಳಿ ಬೆರೆತುಹೋಗುವುದು. ಆಮೇಲೆ ಮುಂದಿನ ಬೆಂಚಿನ ಯಾರಿಗಾದರೂ ಪೆಟ್ಟಿಗೆ ಕೊಟ್ಟು, ನೀನು ಕುಲುಕುತ್ತಾ ಇರು, ಮತ್ತೆ ಬೇರೆಯಾದಾಗ ಹೇಳು, ಅಲ್ಲಿಯವರೆಗೆ ನಾನು ಪಾಠ ಮಾಡುತ್ತಿರುತ್ತೇನೆ ಅನ್ನುವುದು. ಆ ಮಾತಿಗೆ ತರಗತಿ ನಗುತ್ತಿತ್ತು. ಶಾಖ, ಹಬೆಗಳ ಪಾಠ ಮಾಡುವ ಅವನಿಗೆ ಹಬೆ ಮೇಷ್ಟ್ರು ಎಂದು ಬೆನ್ನ ಹಿಂದೆ ಅಡ್ಡಹೆಸರಿಟ್ಟವರೂ ಆ ದಿನ ಮಾತ್ರ ಕಿವಿಗೊಟ್ಟು ಕೂರುತ್ತಿದ್ದರು. ಇವತ್ತೂ ನಕ್ಕರು, ಆದರೆ ಅವನು ಬಾಯಿ ತೆರೆಯುವ ಮೊದಲೇ. ಕೊನೆಯ ಬೆಂಚಿನಲ್ಲಿ ಹೊಸ ಪ್ರಿನ್ಸಿಪಾಲರು ಕೂತಿದ್ದರು, ಒಂದು ಕಾಲದಲ್ಲಿ ಇದೇ ಕೋಣೆಯಲ್ಲಿ ಅವನ ಪಾಠ ಕೇಳಿದ ಹೆಂಗಸು. ಎಲ್ಲರ ತರಗತಿಯನ್ನೂ ಒಮ್ಮೆ ನೋಡುತ್ತೇನೆಂದು ಬಂದವರು. ಅವರಿಗಾಗಿಯೇ ಅವನು ಬಣ್ಣ ಸುಲಿದ ಹಳೆಯ ಮಣಿಗಳನ್ನೆಲ್ಲ ಬಿಸಾಡಿ, ಅಂಗಡಿಯಿಂದ ಕಪ್ಪು ಬಿಳಿ ಬೆರೆತಿದ್ದ, ಥಳಥಳ ಹೊಳೆಯುವ ಹೊಸ ಮಣಿಯ ಪೊಟ್ಟಣ ತಂದಿದ್ದ. ಬೇರೆ ಮಾಡಿ ತುಂಬಿಡು, ನಾಳಿದ್ದು ಬೇಕು ಎಂದು ಹೆಂಡತಿಯ ಕೈಗೆ ಕೊಟ್ಟಿದ್ದ. ಬೇರೆ ಮಾಡಿ ತುಂಬುವುದು ಮದುವೆಯಾದ ಹೊಸತರಿಂದಲೂ ಅವಳ ಕೆಲಸ. ಇಷ್ಟು ವರ್ಷಗಳಲ್ಲಿ ಒಂದು ಮಣಿಯೂ ಆಚೀಚೆ ಆದದ್ದಿಲ್ಲ. ಹಾಗಾಗಿ ಮನೆ ಬಿಡುವ ಮೊದಲು ಒಮ್ಮೆ ಬಟ್ಟೆ ಸರಿಸಿ ನೋಡುವ ಅಭ್ಯಾಸವೇ ಅವನಿಗಿರಲಿಲ್ಲ.

ಮೊದಲು ಬಂದದ್ದು ಸಿಟ್ಟು. ಇವಳಿಗೇನು ಮಂಕು ಬಡಿದಿತ್ತೇ ಎಂದು ಒಳಗೊಳಗೇ ಹಲ್ಲು ಕಡಿದ. ಆದರೆ ಅಷ್ಟು ವರ್ಷ ಸೀಮೆಸುಣ್ಣ ತಿಂದ ನಾಲಿಗೆ ಸುಮ್ಮನೆ ಬಿದ್ದುಕೊಂಡಿರುವುದಿಲ್ಲ. ಏನೂ ಆಗಿಯೇ ಇಲ್ಲವೆಂಬಂತೆ ತಗಡನ್ನು ಎಳೆದು ತೆಗೆದ, ಬೇಕಾದ್ದಕ್ಕಿಂತ ಜೋರಾಗಿಯೇ ಪೆಟ್ಟಿಗೆ ಕುಲುಕಿದ, ಕುಲುಕಿ ಎತ್ತಿ ತೋರಿಸಿದ. ಏನಾದರೂ ಬದಲಾಯಿತೇ ಎಂದು ಕೇಳಿದ. ಇಲ್ಲ ಅಂದರು. ಮೊದಲೂ ಹೀಗೇ ಇತ್ತು, ಈಗಲೂ ಹೀಗೇ ಇದೆ, ಇನ್ನು ಸಂಜೆಯವರೆಗೆ ಕುಲುಕಿದರೂ ಹೀಗೇ ಇರುತ್ತದೆ, ಇದಕ್ಕೇ ಸಮತೋಲ ಅನ್ನುವುದು ಎಂದ. ಮಣಿಗಳಿಗೆ ಬೆರೆಯಲೇಬೇಕೆಂಬ ಹಟವೇನೂ ಇಲ್ಲ. ಬೇರೆಬೇರೆಯಾಗಿ ಕೂರುವ ಬಗೆಗಳು ಬೆರಳೆಣಿಕೆಯಷ್ಟು, ಬೆರೆತು ಕೂರುವ ಬಗೆಗಳು ಎಣಿಸಿ ಮುಗಿಯದಷ್ಟು, ಆದ್ದರಿಂದ ಕಣ್ಣು ಕಟ್ಟಿಕೊಂಡು ಕೈಹಾಕಿದವರಿಗೆ ಸಿಗುವುದು ಬೆರಕೆಯೇ. ಹೊರಗಿನಿಂದ ಒಂದೇ ಥರ ಕಾಣುವುದರ ಒಳಗೆ ಇಂಥ ಬಗೆಗಳು ಎಷ್ಟು ಅಡಗಿವೆ ಎಂಬ ಎಣಿಕೆಯ ಲಾಗರಿದಮ್ಮೇ ಎಂಟ್ರೊಪಿ. ಆಗ ಮುಂದಿನ ಬೆಂಚಿನ ಹುಡುಗಿ ಎದ್ದು ನಿಂತಳು. ಸೀನಿಯರ್‌ಗಳ ಬಾಯಲ್ಲಿ ಪೆಟ್ಟಿಗೆಯ ಕಥೆ ಕೇಳಿಕೊಂಡು ಬಂದವಳು.

“ಸರ್, ಅದು ತಾನಾಗಿ ಬೇರೆ ಆಗೋದೇ ಇಲ್ಲ ಅಂದ್ರೆ, ಪ್ರತಿ ವರ್ಷ ಪಾಠಕ್ಕೆ ಮುಂಚೆ ಬೇರೆ ಮಾಡಿಡೋದು ಯಾರು?”

“ಯಾರೋ ಮಾಡಿಡ್ತಾರೆ,” ಅಂದ. ತರಗತಿ ಮತ್ತೆ ನಕ್ಕಿತು, ಈ ಸಲ ಅವನ ಪರವಾಗಿ. ಮಾನ ಉಳಿಯಿತು ಅಂದುಕೊಂಡ.

ಪಾಠ ಮುಗಿದ ಮೇಲೆ ಪ್ರಿನ್ಸಿಪಾಲರು ಕಾರಿಡಾರಿನಲ್ಲಿ ಅವನಿಗಾಗಿ ಕಾದಿದ್ದರು. ಗದರಿದ್ದರೆ ತಡೆದುಕೊಳ್ಳುತ್ತಿದ್ದ, ಅವರು ಕನಿಕರ ತೋರಿಸಿದರು. ಸಮತೋಲದ ಕಡೆ ತಿರುಗಿಸಿದ್ದು ಚೆನ್ನಾಗಿತ್ತು ಎಂದರು, ಆದರೂ ಮಕ್ಕಳು ಪೂರ್ತಿ ನೋಡಲಿ, ನಾಳೆ ಇನ್ನೊಮ್ಮೆ ತೋರಿಸಿ ಎಂದರು. ಹೇಳುತ್ತಾ ಪೆಟ್ಟಿಗೆಯ ಮುಚ್ಚಳ ಸರಿಸಿ ಒಂದು ಮಣಿಯನ್ನು ಎತ್ತಿಕೊಂಡು ಬೆರಳುಗಳ ನಡುವೆ ಹೊರಳಿಸಿದರು. ನಮ್ಮ ಕಾಲದ್ದು ಇದಲ್ಲ ಅಲ್ವಾ ಸರ್, ಆಗ ಬಿಳಿಯದು ಗಾಜು, ಕಪ್ಪಿಂದು ಮರ ಎಂದು ನೆನಪು ಮಾಡಿಕೊಂಡರು. ಒಂದೊಂದು ಅಂಗೈಗೆ ಒಂದೊಂದು ಮಣಿಯನ್ನಿಟ್ಟು ಯಾವುದು ತಣ್ಣಗಿದೆ ಎಂದು ಅವನು ಕೇಳಿದ್ದನಂತೆ; ಗಾಜು ಅಂದಿದ್ದರಂತೆ; ತಪ್ಪು, ಒಂದೇ ಕೋಣೆಯಲ್ಲಿದ್ದ ಎರಡಕ್ಕೂ ಉಷ್ಣತೆ ಒಂದೇ, ಗಾಜು ನಿನ್ನ ಕೈಯ ಶಾಖವನ್ನು ಬೇಗ ಎಳೆದುಕೊಳ್ಳುತ್ತದೆ, ಮರ ನಿಧಾನ, ನಿನಗೆ ತಿಳಿಯುವುದು ಹೋಗುವ ಶಾಖ ಮಾತ್ರ ಎಂದು ಹೇಳಿಕೊಟ್ಟಿದ್ದನಂತೆ. “ಕಣ್ಣು ಮುಚ್ಕೊಂಡು ಮುಟ್ಟಿದ್ರೂ ಯಾವುದು ಯಾವುದು ಅಂತ ಗೊತ್ತಾಗ್ತಿತ್ತು ಸರ್. ಇದು ಎರಡೂ ಒಂದೇ,” ಎಂದು ಮಣಿಯನ್ನು ವಾಪಸ್ ಹಾಕಿ, ಮುಚ್ಚಳ ಎಳೆದು ಹೋದರು. ಅವನು ಹಲ್ಲು ಕಿರಿದು ತಲೆಯಾಡಿಸಿದ. ಮೆಟ್ಟಿಲ ತಿರುವಿಗೆ ಬಂದಾಗ ಕಾಲುಗಳು ತಾವಾಗಿ ನಿಂತವು. ಹಿಂದಿನಿಂದ ಇಳಿಯುತ್ತಿದ್ದ ಯಾರೋ ಅವನಿಗೆ ಡಿಕ್ಕಿ ಹೊಡೆದು, ಸಾರಿ ಸರ್ ಎಂದು ಪಕ್ಕದಿಂದ ನುಸುಳಿಕೊಂಡು ಹೋದರು.

ಸ್ಟಾಫ್ ರೂಮಿನಲ್ಲಿ ಪೆಟ್ಟಿಗೆಯನ್ನು ಎದುರಿಗಿಟ್ಟುಕೊಂಡು ಕೂತ. ಹಳೆಯ ಮಣಿಗಳನ್ನು ಹೆಂಡತಿ ನೋಡಿ ಬೇರೆ ಮಾಡುತ್ತಿರಲಿಲ್ಲವೇ, ಮುಟ್ಟಿ ಬೇರೆ ಮಾಡುತ್ತಿದ್ದಳೇ? ಯಾವಾಗಿನಿಂದ? ಹೊಸ ಮಣಿಗಳೆರಡೂ ಒಂದೇ ಅಚ್ಚಿನ ಪ್ಲಾಸ್ಟಿಕ್. ಬೆರಳಿಗೆ ಗುರುತು ಸಿಗುವುದಿಲ್ಲ. ಆ ಗಳಿಗೆಯಲ್ಲೂ ತಲೆ ಮಾತ್ರ ತನ್ನ ಹಳೆಯ ಚಾಳಿ ಬಿಡಲಿಲ್ಲ: ಅವಳಿಗೆ ಅಷ್ಟಿಷ್ಟು ಕಾಣುತ್ತಿದ್ದರೆ ಎಡಗಡೆ ಕಪ್ಪು ಹೆಚ್ಚಿರಬೇಕು, ಎಷ್ಟು ಹೆಚ್ಚು ಎಂಬುದರಿಂದ ಎಷ್ಟು ಕಾಣುತ್ತದೆ ಎಂದು ಹೇಳಬಹುದು, ಇದು ವಿದ್ಯಾರ್ಥಿಗಳೂ ಮಾಡಬಲ್ಲ ಲೆಕ್ಕ. ಎರಡೂ ಕಡೆ ಸಮಸಮ ಇದ್ದರೆ ಏನೂ ಕಾಣುತ್ತಿಲ್ಲ ಎಂದರ್ಥ. ಮುಚ್ಚಳಕ್ಕೆ ಕೈಹಾಕಿದವನಿಗೆ ಆಮೇಲೆ ಹೊಳೆಯಿತು. ತಗಡನ್ನು ತಾನೇ ಎಳೆದು ತೆಗೆದಿದ್ದ, ತಾನೇ ಕುಲುಕಿದ್ದ, ಪ್ರಿನ್ಸಿಪಾಲರ ಎದುರು ಜಾಣನೆನಿಸಿಕೊಳ್ಳಲು. ಅವಳ ಕಣ್ಣಿನ ಬಗ್ಗೆ ಆ ಪೆಟ್ಟಿಗೆಯಲ್ಲಿ ಏನು ಸುದ್ದಿ ಇತ್ತೋ ಅದು ಇನ್ನು ಯಾವ ಲೆಕ್ಕಕ್ಕೂ ಸಿಗುವುದಿಲ್ಲ. ಬಟ್ಟೆ ಸರಿಸಿದ ಗಳಿಗೆಯನ್ನು ನೆನಪಿಗೆ ತಂದುಕೊಳ್ಳಲು ಕಣ್ಣು ಮುಚ್ಚಿದ. ಎಡಗಡೆ ಕಪ್ಪು ತುಸು ಹೆಚ್ಚಿರಲಿಲ್ಲವೇ? ಇತ್ತು ಅನ್ನಿಸಿತು, ಮರುಕ್ಷಣ ಅದು ತನ್ನ ಆಸೆ ಅಷ್ಟೇ ಅನ್ನಿಸಿತು. ಕೆಮಿಸ್ಟ್ರಿಯವನು ಬಂದು, ಹಾಡಿದ್ದೇ ಹಾಡೋ ಕಿಸಬಾಯಿದಾಸನ ರಾಗ ಇವತ್ತು ತಪ್ಪಿತಂತೆ ಎಂದು ಬೆನ್ನು ತಟ್ಟಿ ನಕ್ಕ. ಇವನೂ ನಕ್ಕ. ನಕ್ಕಿದ್ದಕ್ಕೆ ತನ್ನ ಮೇಲೆ ತನಗೇ ಹೇಸಿಗೆಯಾಯಿತು.

ಬಸ್ಸಿನಲ್ಲಿ ಪೆಟ್ಟಿಗೆಯನ್ನು ತೊಡೆಯ ಮೇಲಿಟ್ಟುಕೊಂಡು ಕೂತರೆ ಹೊಂಡ ಬಂದಾಗಲೆಲ್ಲ ಮಣಿಗಳು ಗಲಗಲ ಎನ್ನುತ್ತಿದ್ದವು. ಪಕ್ಕದವನು ಏನದು ಎಂದು ಕೇಳಿದ್ದಕ್ಕೆ ಆಟದ ಸಾಮಾನು ಎಂದ. ಒಂದೊಂದೇ ನೆನಪಾಗತೊಡಗಿತು. ಮನೆಯಲ್ಲಿ ಲೋಟಕ್ಕೆ ಟೀ ಬಗ್ಗಿಸುವಾಗ ಹೆಂಡತಿ ತೋರುಬೆರಳ ತುದಿಯನ್ನು ಲೋಟದ ಒಳಗೆ ಬಿಟ್ಟುಕೊಳ್ಳುತ್ತಿದ್ದಳು. ಯಾವತ್ತು ಶುರುವಾಯಿತೋ ಗೊತ್ತಿಲ್ಲ, ಗೊತ್ತಾದದ್ದು ಅವಳ ತಂಗಿ ಬಂದಿದ್ದ ದಿನ. ಇದೇನು ಕೊಳಕು ಅಭ್ಯಾಸ, ಬೆರಳು ಅದ್ದಿದ ಟೀ ನಾವು ಕುಡಿಯಬೇಕಾ ಎಂದು ತಂಗಿಯ ಎದುರೇ ಹಂಗಿಸಿದ್ದ. ಅವಳು ಬೆರಳು ತೆಗೆದಳು. ಟೀ ಅಂಚು ಮೀರಿ ತಟ್ಟೆಗೆ, ತಟ್ಟೆಯಿಂದ ಮೇಜಿಗೆ ಹರಿಯಿತು. ತಂಗಿ ಅಕ್ಕನ ಮುಖ ನೋಡಿದಳು, ಏನೂ ಅನ್ನದೆ ಬಟ್ಟೆ ತಂದು ಒರೆಸಿದಳು. ಹಾಗಾದರೆ ತಂಗಿಗೆ ಗೊತ್ತಿತ್ತು. ಬಸ್ಸು ಬ್ರೇಕ್ ಹಾಕಿತು, ಮಣಿಗಳು ಒಂದು ಕಡೆ ಜಾರಿ ಮತ್ತೆ ಹರಡಿದವು. ಕುರ್ಚಿ ಇದ್ದಲ್ಲೇ ಇರಲಿ, ಯಾಕೆ ಎಳೀತೀರಿ ಎಂದು ಒಂದು ದಿನ ಅವಳು ಕೂಗಾಡಿದ್ದು, ಒಂದು ಕುರ್ಚಿಗೆ ಇಷ್ಟು ರಂಪವೇ ಎಂದು ಇವನು ದಿನವಿಡೀ ಮಾತು ಬಿಟ್ಟದ್ದು. ಮೊಣಕಾಲ ಕೆಳಗೆ ನೀಲಿಗಟ್ಟಿದ್ದನ್ನು ಅವಳು ಸೆರಗೆಳೆದು ಮುಚ್ಚಿಕೊಂಡದ್ದು. ಬೆಳಿಗ್ಗೆ ಪೇಪರನ್ನು ಜೋರಾಗಿ ಓದಿ ಎಂದು ಕೇಳತೊಡಗಿದ್ದು. ವಯಸ್ಸಾದಂತೆ ಪ್ರೀತಿ ಹೆಚ್ಚುತ್ತಿದೆ ಎಂದುಕೊಂಡು ಇವನು ಗಂಟಲು ಸರಿಮಾಡಿಕೊಂಡು, ವಾರ್ತೆ ಓದುವವರ ಧಾಟಿಯಲ್ಲಿ ಓದಿ ಹಿಗ್ಗಿದ್ದು. ಫ್ರಿಜ್ಜಿನ ಬಾಗಿಲಲ್ಲಿದ್ದ ಸಣ್ಣ ಸೀಸೆಯನ್ನು ನೀರಿನ ಬಾಟಲಿಗೆ ಜಾಗ ಮಾಡಲು ಇವನೇ ಎಷ್ಟೋ ಸಲ ಆಚೆ ಸರಿಸಿದ್ದ. ಅದರ ಮೇಲಿನ ಹೆಸರನ್ನು ಓದಿರಲಿಲ್ಲ.

ತಲೆಯೆತ್ತಿ ನೋಡುವಷ್ಟರಲ್ಲಿ ಇಳಿಯಬೇಕಾದ ನಿಲ್ದಾಣ ದಾಟಿಹೋಗಿತ್ತು. ಮುಂದಿನದರಲ್ಲಿ ಇಳಿದು ವಾಪಸ್ ನಡೆದ. ಒಂದು ಪಾತ್ರೆಯಲ್ಲಿ ಅನಿಲ ತುಂಬಿದೆ, ಅದರ ಬಗ್ಗೆ ನಿಮಗೆ ಏನು ಗೊತ್ತು ಎಂದು ವರ್ಷದ ಮೊದಲ ಪಾಠದಲ್ಲಿ ಕೇಳುತ್ತಿದ್ದ. ಒತ್ತಡ, ಗಾತ್ರ, ಉಷ್ಣತೆ, ಅಷ್ಟೇ. ಒಳಗೆ ಯಾವ ಅಣು ಎಲ್ಲಿದೆ, ಯಾವುದು ಯಾವುದಕ್ಕೆ ಬಡಿಯುತ್ತಿದೆ ಎಂದು ಕೇಳಬೇಡಿ, ಆ ಮೂರರಲ್ಲೇ ಎಲ್ಲ ಕೆಲಸ ನಡೆಯುತ್ತದೆ ಎಂದು ಸಮಾಧಾನ ಹೇಳುತ್ತಿದ್ದ. ಮನೆಯನ್ನೂ ಅವನು ಹಾಗೇ ತಿಳಿದುಕೊಂಡಿದ್ದ. ಟೀ ಹೊತ್ತಿಗೆ ಸರಿಯಾಗಿ ಬರುತ್ತದೆ, ಶರ್ಟು ಇಸ್ತ್ರಿಯಾಗಿರುತ್ತದೆ, ಜಗಳ ಹೆಚ್ಚಿಲ್ಲ. ಅಂದಮೇಲೆ ಎಲ್ಲ ಸರಿ. ಮುಂದಿನ ವಾರ, ವಿಜ್ಞಾನಿಯೊಬ್ಬ ಕಲ್ಪಿಸಿಕೊಂಡ ಭೂತದ ಪಾಠ ಬರುತ್ತದೆ. ಪುಸ್ತಕದ ಭೂತ ಎರಡು ಕೋಣೆಗಳ ನಡುವಿನ ಕಿಂಡಿಯ ಹತ್ತಿರ ಕೂತು, ಬರುವ ಪ್ರತಿ ಅಣುವನ್ನೂ ನೋಡಿ, ವೇಗದ್ದನ್ನು ಇತ್ತ, ನಿಧಾನದ್ದನ್ನು ಅತ್ತ ಬಿಡುತ್ತದೆ, ಬೆರೆತದ್ದು ಬೇರೆಯಾಗುತ್ತದೆ, ಬೆರೆತದ್ದು ತಾನಾಗಿ ಬೇರೆಯಾಗದೆಂಬ ನಿಯಮ ಮುರಿದೇಹೋಯಿತೆಂದು ಹುಡುಗರು ಕೂಗುತ್ತಾರೆ. ಆಗ ಅವನು ಕೈಯೆತ್ತಿ, ನೋಡುವುದೂ ನೆನಪಿಡುವುದೂ ಮರೆಯುವುದೂ ಪುಕ್ಕಟೆಯಲ್ಲ, ಭೂತ ಅದರ ಬೆಲೆ ತೆತ್ತೇ ತೆರುತ್ತದೆ, ನೀವು ಅದನ್ನು ಎಣಿಕೆಗೆ ಹಿಡಿದಿಲ್ಲ ಅಷ್ಟೇ ಎನ್ನುತ್ತಿದ್ದ. ಮಣಿ ಆರಿಸಿ ಯಾರ ಕಣ್ಣೂ ಹೋಗುವುದಿಲ್ಲ, ಅದು ಅವನಿಗೂ ಗೊತ್ತು. ಗೊತ್ತಿದ್ದೂ, ಊಟದ ಮೇಜಿನ ಮೇಲೆ ಬಾಗಿ ಅವಳು ವರ್ಷವರ್ಷವೂ ಮಣಿ ಆರಿಸುತ್ತಿದ್ದ ಚಿತ್ರ ಕಣ್ಣ ಮುಂದಿನಿಂದ ಹೋಗಲಿಲ್ಲ. ಯಾರೋ ಮಾಡಿಡ್ತಾರೆ ಅಂದಿದ್ದ. ಅವಳು ಆ ತರಗತಿಯಲ್ಲಿ ಇಲ್ಲದ್ದು ಪುಣ್ಯ ಅಂದುಕೊಂಡು, ಹಾಗೆ ಅಂದುಕೊಂಡದ್ದಕ್ಕೂ ನಾಚಿದ.

ಮನೆಯ ಬಾಗಿಲು ಓರೆಯಾಗಿತ್ತು. ಹೊರಗೆ ಇನ್ನೂ ಬಿಸಿಲಿತ್ತು, ಕಿಟಕಿಯ ಹತ್ತಿರ ಕೂತು ಅವಳು ಒಗೆದ ಬಟ್ಟೆ ಮಡಿಸುತ್ತಿದ್ದಳು. ಚಪ್ಪಲಿಯನ್ನು ಸದ್ದಾಗದಂತೆ ಬಿಟ್ಟು, ಅವಳೆದುರು ಹೋಗಿ ನಿಂತ. ಅವಳ ಮುಖ ಅವನ ಕಡೆಗೇ ಇತ್ತು. ಕೈಗಳು ತೋಳಿಗೆ ತೋಳು ಕೂಡಿಸಿ, ಅಂಚಿಗೆ ಅಂಚು ಹಿಡಿದು, ಹೆಬ್ಬೆರಳಿನಿಂದ ಹೊಲಿಗೆಯನ್ನು ಸವರಿಕೊಂಡು ಒಳ್ಳೆಯ ಮಗ್ಗುಲು ಯಾವುದೆಂದು ತಿಳಿದುಕೊಂಡು ಮಡಿಸುತ್ತಿದ್ದವು. ಇಷ್ಟು ಹತ್ತಿರದಿಂದ ಅವಳ ಕೈಯನ್ನು ಅವನು ನೋಡಿ ಎಷ್ಟು ಕಾಲವಾಗಿತ್ತೋ. ಒಮ್ಮೆ ಕೈಬೀಸಿ ನೋಡಲೇ ಎಂದು ಅವನ ಕೈ ಅರ್ಧ ಎದ್ದಿತು. ಪ್ರಯೋಗ ಮಾಡಲು ಹೊರಟೆನಲ್ಲ ಎಂದು ಇಳಿಸಿದ.

“ಅಲ್ಲೇ ಯಾಕೆ ನಿಂತ್ಕೊಂಡ್ರಿ? ಮಣಿ ಸದ್ದು ಮೆಟ್ಟಿಲಿಂದ್ಲೇ ಕೇಳ್ತು,” ಅಂದಳು. ಮಡಿಸಿದ ಶರ್ಟನ್ನು ಪಕ್ಕಕ್ಕಿಟ್ಟು ಕೇಳಿದಳು: “ನಕ್ಕರಾ?”

“ಇಲ್ಲ,” ಅಂದ. “ಯಾವಾಗಿಂದ?”

ಏನು ಯಾವಾಗಿಂದ ಎಂದು ಅವಳು ಕೇಳಲಿಲ್ಲ. ಇನ್ನೊಂದು ಬಟ್ಟೆಯನ್ನು ಎಳೆದುಕೊಂಡಳು.

“ಹೇಳಿದ್ದೆನಲ್ಲ. ಬಲ್ಬು ಮಂಕಾಗಿದೆ ಅಂತ ಹೇಳಿದ್ದೆ. ನೀವು ಬಲ್ಬು ಬದಲಾಯಿಸಿದ್ರಿ.”

ಹೌದು, ಬದಲಾಯಿಸಿದ್ದ. ಬಲ್ಬು ಮಂಕಾಗಿಲ್ಲ, ಹಳೆ ಕಾಲದ ಬಲ್ಬು ತಿನ್ನುವ ಕರೆಂಟಿನಲ್ಲಿ ಬಹುಪಾಲು ಶಾಖವಾಗಿ ಹೋಗುತ್ತದೆ, ಬೆಳಕಾಗುವುದು ಚೂರು ಎಂದು ಸ್ಟೂಲಿನ ಮೇಲೆ ನಿಂತು ಉಪನ್ಯಾಸ ಕೊಟ್ಟು, ಹೊಸ ಥರದ್ದನ್ನು ಹಾಕಿ, ಈಗ ಹೇಗಿದೆ ಎಂದು ಹೆಮ್ಮೆಯಿಂದ ಕೇಳಿದ್ದ. ಪರವಾಗಿಲ್ಲ ಅಂದಿದ್ದಳು. ಅದಾದ ಮೇಲೆ ಅವಳು ಬೆಳಕಿನ ಮಾತೆತ್ತಿರಲಿಲ್ಲ. ಸಮಸ್ಯೆ ಬಗೆಹರಿಯಿತೆಂದು ಇವನು ಕೈತೊಳೆದುಕೊಂಡಿದ್ದ. ಅವಳು ಬಟ್ಟೆ ಮಡಿಸುತ್ತಲೇ ಉಳಿದದ್ದನ್ನು ಹೇಳಿದಳು. ತಂಗಿಯ ಜೊತೆ ಕಣ್ಣಾಸ್ಪತ್ರೆಗೆ ಹೋಗಿದ್ದಳು. ಕಣ್ಣಿನ ಹಿಂದಿನ ನರ ಒಣಗುತ್ತಾ ಬಂದಿದೆಯಂತೆ, ನೋವಿಲ್ಲದೆ ಸದ್ದಿಲ್ಲದೆ ಹೋಗುವ ರೋಗವಂತೆ, ಬಂದದ್ದು ತಡವಾಯಿತು ಎಂದರಂತೆ. ಹನಿ ಹಾಕಿಕೊಳ್ಳುವುದು ಇರುವುದನ್ನು ಹಿಡಿದಿಡಲು ಮಾತ್ರ. ನಡುಮಧ್ಯಾಹ್ನ ಕಿಟಕಿಯ ಹತ್ತಿರ ಹಿಡಿದರೆ ಹೊಳೆಯುವುದು ಹೊಳೆಯದ್ದು ತಿಳಿಯುತ್ತದೆ. ಹೊಸ ಮಣಿಗಳನ್ನು ಹಾಗೇ ಹಿಡಿದು ನೋಡಿದ್ದಳು, ಎರಡೂ ಹೊಳೆದವು. ಅಂದಾಜಿನ ಮೇಲೆ ಹಾಕುತ್ತಾ ಹೋದಳು, ಸರಿಹೋಗಿರಬಹುದು ಅಂದುಕೊಂಡಳು. ಒಂದು ಮಾತು ಹೇಳಬಾರದಿತ್ತೇ ಎಂದು ಅವನು ಕೇಳಿದ. ಹೇಳಿದರೆ ನೀವು ಮಣಿ ಆರಿಸೋ ಕೆಲಸವನ್ನೂ ಬಿಡಿಸಿ ನನ್ನನ್ನು ಮೂಲೇಲಿ ಕೂರಿಸ್ತಿದ್ರಿ ಅಂದಳು. ಅದರಲ್ಲಿ ಸಿಟ್ಟಿರಲಿಲ್ಲ. ತುಟಿಯ ಕೊನೆಯಲ್ಲಿ ಸಣ್ಣ ನಗು ಕೂಡ ಇತ್ತು.

“ನೀವು ಹೊಸ ಮಣಿ ತರದೇ ಇದ್ದಿದ್ರೆ ಇನ್ನೂ ಒಂದೆರಡು ವರ್ಷ ನಡೀತಿತ್ತು.”

ಅವನು ನೆಲದ ಮೇಲೆ ಕೂತ. ಹೋದದ್ದು ವಾಪಸ್ ಬರುವುದಿಲ್ಲ ಎಂದು ಡಾಕ್ಟರು ಹೇಳುತ್ತಾರೆ, ನೀವೇನು ಹೇಳುತ್ತೀರಿ, ನೀವೂ ಅದನ್ನೇ ಅಲ್ಲವೇ ಪಾಠ ಮಾಡುವುದು ಎಂದು ಅವಳು ಕೇಳಿದಳು, ಸಂತೆಯಲ್ಲಿ ಬೆಲೆ ಕೇಳಿದಷ್ಟು ಸಾಧಾರಣವಾಗಿ. ಅದಕ್ಕೆ ಪುಸ್ತಕದಲ್ಲಿ ಒಂದು ಉತ್ತರವಿತ್ತು. ಅಸಾಧ್ಯವಲ್ಲ, ಅಸಂಭವ ಅಷ್ಟೇ. ಯುಗಯುಗ ಕುಲುಕಿದರೆ ಒಂದು ದಿನ ಬೇರೆಯಾದರೂ ಆದೀತು ಎಂದು ವರ್ಷವೂ ಚಪ್ಪರಿಸಿಕೊಂಡು ಹೇಳುತ್ತಿದ್ದ ಮಾತು. ಅದು ಬಾಯಿಯವರೆಗೂ ಬಂತು. ನುಂಗಿದ. ಇನ್ನು ಮೇಲೆ ಆಸ್ಪತ್ರೆಗೆ ನಾನೂ ಬರ್ತೀನಿ ಅಂದ. ಹ್ಞೂಂ ಅಂದಳು. ಅಳಬೇಕೆನ್ನಿಸಿತು, ಆದರೆ ಅತ್ತರೆ ಅವಳೇ ಸಮಾಧಾನ ಮಾಡಬೇಕಾಗುತ್ತದೆ ಎಂದು ಸುಮ್ಮನಿದ್ದ.

ನಾಳೆಗೆ ಮತ್ತೆ ಬೇಕಂತೆ ಎಂದು ಹೇಳಿದಾಗ ಅವಳೇ ಕೈಚಾಚಿ ಪೆಟ್ಟಿಗೆಯನ್ನು ಹತ್ತಿರ ಎಳೆದುಕೊಂಡಳು. ಅಡುಗೆಮನೆಗೆ ಹೋಗಿ, ಯಾವುದಕ್ಕೂ ತಾಗದೆ, ಒಂದು ತಟ್ಟೆ ಎರಡು ಬಟ್ಟಲು ತಂದಳು. ಅವನು ಮಣಿಗಳನ್ನು ತಟ್ಟೆಗೆ ಸುರಿದ. ನೀವು ಬಣ್ಣ ಹೇಳಿ ಕೈಗೆ ಕೊಡುತ್ತಾ ಹೋಗಿ, ನಾನು ಹಾಕುತ್ತೇನೆ ಅಂದಳು. ಕಪ್ಪು ಅಂದ, ಎಡದ ಬಟ್ಟಲಿಗೆ ಹಾಕಿದಳು. ಬಿಳಿ ಅಂದ, ಬಲಕ್ಕೆ. ಕಪ್ಪು. ಕಪ್ಪು. ಬಿಳಿ. ಸ್ವಲ್ಪ ಹೊತ್ತಿಗೇ ಅವನ ಸೊಂಟ ನೋಯತೊಡಗಿತು, ಕಣ್ಣು ಉರಿಯಿತು, ತಟ್ಟೆಯಲ್ಲಿದ್ದದ್ದು ಕರಗಿದ ಹಾಗೇ ಕಾಣಲಿಲ್ಲ. ಇದನ್ನು ಅವಳು ಅಷ್ಟು ವರ್ಷ ಒಬ್ಬಳೇ ಕೂತು ಮಾಡಿದ್ದಳು, ಅವನು ಒಳಗಿನ ಕೋಣೆಯಲ್ಲಿ ಕುಳಿತು ಮರುದಿನದ ಪಾಠಕ್ಕೆ ಅದೇ ಜೋಕನ್ನು ನೆನಪು ಮಾಡಿಕೊಳ್ಳುವಾಗ. ಕೊಡುವಾಗ ಅವಳ ಅಂಗೈ ಬೆರಳಿಗೆ ತಾಗುತ್ತಿತ್ತು, ಬಿಸಿಯಾಗಿತ್ತು. ಮುಂದಿನ ಬೆಂಚಿನ ಹುಡುಗಿ ಕೇಳಿದ್ದನ್ನು ಅವಳಿಗೆ ಹೇಳಿದ. ನೀವೇನಂದ್ರಿ ಎಂದಳು. ನನ್ನ ಹೆಂಡತಿ ಅಂದೆ ಎಂದ. ಒಂದು ಮಣಿಯನ್ನು ಹಾಕುವುದು ತಡವಾಯಿತು, ಆಮೇಲೆ ಹಾಕಿದಳು. ಆ ಸುಳ್ಳನ್ನು ನಾಳೆ ತರಗತಿಯಲ್ಲಿ ನಿಜ ಮಾಡಬೇಕು ಎಂದು ಅವನು ಅಂದುಕೊಂಡ.

ಕಿಟಕಿಯ ಬಿಸಿಲು ಗೋಡೆಗೇರಿತು, ಗೋಡೆಯಿಂದ ಹೋಯಿತು. ಅವನು ತಟ್ಟೆಯ ಮೇಲೆ ಇನ್ನಷ್ಟು ಬಾಗಿದ, ಮಣಿಯನ್ನು ಮೂಗಿನ ಹತ್ತಿರ ತಂದುಕೊಂಡು ಹೇಳತೊಡಗಿದ. ಕಪ್ಪು ಇರಬೇಕು. ಅಲ್ಲ, ಬಿಳಿ. ಕೊನೆಗೆ ಒಂದು ಮಣಿಯನ್ನು ಬೆರಳಲ್ಲಿ ಹಿಡಿದುಕೊಂಡು ನಿಲ್ಲಿಸಿಬಿಟ್ಟ. ಅವಳ ಕೈ ಚಾಚಿಯೇ ಇತ್ತು.

“ಯಾಕೆ ನಿಲ್ಸಿದ್ರಿ?”

“ಕತ್ತಲಾಯ್ತು. ಬಣ್ಣ ಕಾಣ್ತಿಲ್ಲ. ಲೈಟ್ ಹಾಕ್ತೀನಿ ಇರು.”

ಅವನು ಎದ್ದು ಹೋಗಿ ಸ್ವಿಚ್ಚಿನ ಮೇಲೆ ಬೆರಳಿಟ್ಟ. ಹಿಂದೆ ಅವಳು ಕಿಟಕಿಯ ಕಡೆ ಮುಖ ತಿರುಗಿಸಿದ್ದು ಸೀರೆಯ ಸದ್ದಿನಿಂದ ತಿಳಿಯಿತು.

“ಇಷ್ಟು ಹೊತ್ತೂ ಬೆಳಕಿತ್ತಾ?” ಎಂದು ಕೇಳಿದಳು.

ಅವನು ಸ್ವಿಚ್ ಒತ್ತದೆ ಹಾಗೇ ನಿಂತ.